ಉಳಿಸಿದರೆ ಸೌಲಭ್ಯ ಹೋಗುವ ನಿಯಮ: ಅಮೆರಿಕದ ಏಬಲ್ ಕಾಯ್ದೆ ಮತ್ತು ಡೌನ್ ಸಿಂಡ್ರೋಮ್ ಕುಟುಂಬಗಳ ಹಕ್ಕೊತ್ತಾಯ — ಒಂದು ಪ್ರಕರಣ ಅಧ್ಯಯನ

ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬಂದು ಬುದ್ಧಿಯ ಬೆಳವಣಿಗೆಯನ್ನು ನಿಧಾನಗೊಳಿಸುವ ಸ್ಥಿತಿ, ಇರುವವರಿಗಾಗಿ ಸಮುದಾಯವು ಹಣ ಕೂಡಿಸುವ ಕುರಿತ ಬರಹಗಳು ಬಹುಮಟ್ಟಿಗೆ ಹಣ ಹೇಗೆ ಬಂತು, ಎಷ್ಟು ಬಂತು ಎಂಬಲ್ಲಿಗೆ ಮುಗಿಯುತ್ತವೆ. ಹಾಗೆ ಬಂದ ಹಣವನ್ನು ಆ ವ್ಯಕ್ತಿಯ ಹೆಸರಿನಲ್ಲಿಯೇ ಇಡಲು ಕಾನೂನು ಬಿಡುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಅಮೆರಿಕದಲ್ಲಿ 2006ರಿಂದ 2014ರವರೆಗೆ ನಡೆದ, ಅಂಗವೈಕಲ್ಯವಿರುವವರು ಸರ್ಕಾರದ ನೆರವು ಕಳೆದುಕೊಳ್ಳದೆ ಹಣ ಉಳಿಸಲು ಅವಕಾಶ ಕೊಡುವ ಏಬಲ್ ಕಾಯ್ದೆಗೆ ದಾರಿಯಾದ ಒಂದು ದೀರ್ಘ ಪ್ರಯತ್ನ ಈ ಪ್ರಶ್ನೆಯಿಂದಲೇ ಹುಟ್ಟಿತು. ನಿಧಿಸಂಗ್ರಹಕ್ಕೆಂದು ಕಟ್ಟಿದ ಜಾಲವೊಂದು ಕಾನೂನನ್ನೇ ಬದಲಿಸುವ ಶಕ್ತಿಯಾದದ್ದು ಹೇಗೆ, ಆ ದಾರಿಯಲ್ಲಿ ಅದು ಏನನ್ನು ಬಿಟ್ಟುಕೊಟ್ಟಿತು ಎಂಬುದನ್ನು ಈ ಪ್ರಕರಣದ ಮೂಲಕ ನೋಡಬಹುದು.

ಮೂಲ ತೊಡಕು

ಅಂಗವೈಕಲ್ಯವಿದ್ದು ಆದಾಯವೂ ಆಸ್ತಿಯೂ ತೀರ ಕಡಿಮೆ ಇರುವವರಿಗೆ ಅಮೆರಿಕದ ಕೇಂದ್ರ ಸರ್ಕಾರ ಪ್ರತಿ ತಿಂಗಳು ಕೊಡುವ ನೆರವಿಗೆ ಪೂರಕ ಭದ್ರತಾ ಆದಾಯ, ಅಂದರೆ ಎಸ್‌ಎಸ್‌ಐ, ಎಂದು ಹೆಸರು. 1972ರಲ್ಲಿ ಕಾನೂನಾಗಿ 1974ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಫಲಾನುಭವಿಯ ಹೆಸರಿನಲ್ಲಿ ಇರಬಹುದಾದ ಉಳಿತಾಯಕ್ಕೆ ಆರಂಭದಿಂದಲೂ ಒಂದು ಮಿತಿಯಿತ್ತು. ಒಂಟಿ ವ್ಯಕ್ತಿಗೆ ಮೊದಲು 1,500 ಡಾಲರ್ ಇದ್ದ ಮಿತಿ 1989ರ ಹೊತ್ತಿಗೆ 2,000 ಡಾಲರ್ ಆಗಿ ಅಲ್ಲಿಯೇ ನಿಂತಿತು. ಬೆಲೆಗಳು ಏರಿದಂತೆ ಮಿತಿಯೂ ತಾನಾಗಿ ಏರುವ ಏರ್ಪಾಟು ಈ ನಿಯಮದಲ್ಲಿ ಇರಲಿಲ್ಲ. ವಾಸದ ಮನೆ, ಒಂದು ವಾಹನ ಮುಂತಾದ ಕೆಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕಿನಲ್ಲಿರುವ ನಗದನ್ನು ಹಿಡಿಯುತ್ತಾರೆ. ತಿಂಗಳ ಮೊದಲ ಕ್ಷಣದಲ್ಲಿ ಖಾತೆಯಲ್ಲಿ ಮಿತಿಗಿಂತ ಹೆಚ್ಚು ಹಣವಿದ್ದರೆ ಆ ತಿಂಗಳ ನೆರವಿಗೆ ಅರ್ಹತೆ ಇಲ್ಲ, ಮತ್ತು ಅದು ತಡವಾಗಿ ಪತ್ತೆಯಾದರೆ ಆಗಲೇ ಪಾವತಿಯಾದ ಮೊತ್ತವನ್ನು ಹಿಂದಿರುಗಿಸಬೇಕು.

2014ರಲ್ಲಿ ಎಸ್‌ಎಸ್‌ಐಯ ಗರಿಷ್ಠ ಕೇಂದ್ರ ನೆರವು ತಿಂಗಳಿಗೆ 721 ಡಾಲರ್. ಈ ಮೊತ್ತಕ್ಕಿಂತಲೂ ಹೆಚ್ಚಾಗಿ ಕುಟುಂಬಗಳನ್ನು ಕಟ್ಟಿಹಾಕಿದ್ದು ಅದರ ಜೊತೆಗೆ ಬರುವ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ನೆರವಿನ ಯೋಜನೆ. ಹೆಚ್ಚಿನ ರಾಜ್ಯಗಳಲ್ಲಿ ಎಸ್‌ಎಸ್‌ಐ ಪಡೆಯುವವರಿಗೆ ಮೆಡಿಕೇಡ್ ತಾನಾಗಿಯೇ ಸಿಗುತ್ತದೆ. ವಯಸ್ಕರಾದ ಮೇಲೆ ಮನೆಯಲ್ಲಿಯೋ ಸಮುದಾಯದ ನಡುವೆಯೋ ಬದುಕಲು ಬೇಕಾಗುವ ಸಹಾಯಕರು, ಉದ್ಯೋಗದ ತರಬೇತುದಾರರು, ದೀರ್ಘಕಾಲದ ಆರೈಕೆ ಇವುಗಳ ವೆಚ್ಚವನ್ನು ಭರಿಸುವುದು ಮುಖ್ಯವಾಗಿ ಇದೇ ಯೋಜನೆ. ಸಾಮಾನ್ಯ ಖಾಸಗಿ ವಿಮೆ ಇವನ್ನು ಒಳಗೊಳ್ಳುವುದು ಅಪರೂಪ. ಆದ್ದರಿಂದ ಅಜ್ಜಿ ಮೊಮ್ಮಗನ ಹೆಸರಿಗೆ ಬರೆದಿಟ್ಟ ಐದು ಸಾವಿರ ಡಾಲರ್ ಆಗಲಿ, ನೆರೆಹೊರೆಯವರು ಪ್ರೀತಿಯಿಂದ ಕೂಡಿಸಿಕೊಟ್ಟ ಹಣವಾಗಲಿ, ಆ ಹುಡುಗನೇ ದುಡಿದು ಉಳಿಸಿದ ಸಂಬಳವಾಗಲಿ, ಅವನ ಜೀವನದ ಅತಿ ಬೆಲೆಬಾಳುವ ಆಧಾರವನ್ನೇ ಕಿತ್ತುಕೊಳ್ಳುವ ಅಪಾಯವಿತ್ತು. ದಾನ ಕೊಟ್ಟವರಿಗೆ ಇದು ಗೊತ್ತಿರುತ್ತಿರಲಿಲ್ಲ.

ಈ ನಿಯಮ ರೂಪುಗೊಂಡ ಕಾಲಕ್ಕೂ ಅದು ಕಾಡತೊಡಗಿದ ಕಾಲಕ್ಕೂ ನಡುವೆ ವೈದ್ಯಕೀಯ ವಾಸ್ತವವೇ ಬದಲಾಗಿತ್ತು. 21ನೆಯ ವರ್ಣತಂತುವಿನ ಮೂರನೆಯ ಪ್ರತಿ ಡೌನ್ ಸಿಂಡ್ರೋಮಿಗೆ ಕಾರಣವೆಂದು 1959ರಲ್ಲಿ ತಿಳಿದುಬಂದಿತ್ತು. ಆದರೆ ಈ ಸ್ಥಿತಿಯಲ್ಲಿ ಹುಟ್ಟಿದವರ ಸರಾಸರಿ ಆಯುಷ್ಯ 1983ರಲ್ಲಿಯೂ ಸುಮಾರು 25 ವರ್ಷವಷ್ಟೇ ಇತ್ತು. ಹುಟ್ಟಿನಿಂದ ಬಂದ ಹೃದಯದ ದೋಷಗಳಿಗೆ ಮಕ್ಕಳಲ್ಲಿಯೇ ಶಸ್ತ್ರಚಿಕಿತ್ಸೆ ನಡೆಯತೊಡಗಿ, ಮಕ್ಕಳನ್ನು ಸಂಸ್ಥೆಗಳಲ್ಲಿ ಬಿಟ್ಟುಬಿಡುವ ರೂಢಿ ಹಿಂದೆ ಸರಿದ ಮೇಲೆ ಅದು ಇಂದು 60ರ ಆಸುಪಾಸಿಗೆ ಬಂದಿದೆ. ತಂದೆತಾಯಿ ತಮ್ಮ ಮಗುವನ್ನು ಕೊನೆಯವರೆಗೂ ನೋಡಿಕೊಳ್ಳುತ್ತಾರೆ ಎಂಬ ಹಳೆಯ ಊಹೆ ಇದರಿಂದ ತಲೆಕೆಳಗಾಯಿತು. ಈಗ ಮಗು ತಂದೆತಾಯಿಯ ನಂತರವೂ ಎರಡು ಮೂರು ದಶಕ ಬದುಕಬೇಕು, ನಡುವಯಸ್ಸು ದಾಟುತ್ತಿದ್ದಂತೆ ಆಲ್ಜೈಮರ್ ಕಾಯಿಲೆಯ ಸಂಭವವನ್ನೂ ಎದುರಿಸಬೇಕು. ಹೀಗಿದ್ದೂ ಅದರ ಹೆಸರಿನಲ್ಲಿ ಎರಡು ಸಾವಿರ ಡಾಲರಿಗಿಂತ ಹೆಚ್ಚು ಇರಕೂಡದು.

ಪರಿಹಾರವೇ ಇರಲಿಲ್ಲ ಎನ್ನುವಂತಿಲ್ಲ. ವಿಶೇಷ ಅಗತ್ಯದ ಟ್ರಸ್ಟ್ ಎಂಬ ಏರ್ಪಾಟಿನಲ್ಲಿ ಬೇರೊಬ್ಬರು ಧರ್ಮದರ್ಶಿಗಳಾಗಿ ಹಣ ಹಿಡಿದಿಟ್ಟುಕೊಳ್ಳಬಹುದಿತ್ತು. ಅದನ್ನು ಬರೆಸಲು ವಕೀಲರ ಶುಲ್ಕ, ನಡೆಸಲು ವರ್ಷವರ್ಷದ ಖರ್ಚು ಬೇಕು. ಆಸ್ತಿವಂತರಿಗೆ ಇದು ಸರಿ, ತಿಂಗಳಿಗೆ ಐವತ್ತು ಡಾಲರ್ ಉಳಿಸುವ ಕುಟುಂಬಕ್ಕೆ ಅಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಬಸ್ ಪಾಸಿಗೋ ಹೊಸ ಕನ್ನಡಕಕ್ಕೋ ಬೇಕಾದ ಹಣಕ್ಕೂ ವಯಸ್ಕ ವ್ಯಕ್ತಿ ಧರ್ಮದರ್ಶಿಯ ಒಪ್ಪಿಗೆಯನ್ನು ಕಾಯಬೇಕು. ಇದೇ ಹೊತ್ತಿನಲ್ಲಿ ಅದೇ ತಂದೆತಾಯಿಗೆ ಇನ್ನೊಂದು ಮಗುವಿದ್ದರೆ ಅದರ ಕಾಲೇಜಿಗೆಂದು ತೆರಿಗೆ ವಿನಾಯಿತಿಯ ಖಾತೆ ತೆರೆಯಲು 1996ರಿಂದಲೇ ತೆರಿಗೆ ಸಂಹಿತೆಯ 529ನೆಯ ಕಲಮು ದಾರಿಮಾಡಿಕೊಟ್ಟಿತ್ತು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಉಳಿಸಿದರೆ ಸರ್ಕಾರದ ಪ್ರೋತ್ಸಾಹ, ಇನ್ನೊಬ್ಬರಿಗೆ ಉಳಿಸಿದರೆ ದಂಡ.

ಒಂದು ಯೋಚನೆ, ಒಂದು ಜಾಲ

2006ರಲ್ಲಿ ಉತ್ತರ ವರ್ಜೀನಿಯಾದಲ್ಲಿ ಅಂಗವೈಕಲ್ಯವಿರುವ ಮಕ್ಕಳ ಕೆಲವು ತಂದೆತಾಯಿ ಸೇರಿ ಈ ವ್ಯತ್ಯಾಸದ ಮೇಲೆಯೇ ಬೆರಳಿಟ್ಟರು. ಅವರಲ್ಲಿ ಸ್ಟೀಫನ್ ಬೆಕ್ ಒಬ್ಬರು. ಅವರ ಮಗಳಿಗೆ ಡೌನ್ ಸಿಂಡ್ರೋಮ್ ಇತ್ತು. ಕಾಲೇಜು ಖಾತೆಯ ಮಾದರಿಯಲ್ಲಿಯೇ ಅಂಗವೈಕಲ್ಯದ ಖರ್ಚಿಗೆ ಒಂದು ಖಾತೆ ಇರಲಿ, ಅದರಲ್ಲಿರುವ ಹಣವನ್ನು ಎಸ್‌ಎಸ್‌ಐ ಮತ್ತು ಮೆಡಿಕೇಡಿನ ಲೆಕ್ಕಕ್ಕೆ ಹಿಡಿಯದಿರಲಿ ಎಂಬುದು ಅವರ ಯೋಚನೆ. ಹೊಸ ಇಲಾಖೆ ಬೇಡ, ಹೊಸ ಅನುದಾನ ಬೇಡ, ಇರುವ ಕಲಮಿಗೆ ಒಂದು ಉಪಕಲಮು ಸಾಕು ಎಂಬ ಬೇಡಿಕೆ ಇದು. ಸರ್ಕಾರದ ಗಾತ್ರ ಹಿಗ್ಗಬಾರದೆನ್ನುವ ಶಾಸಕರೂ ಒಪ್ಪಬಲ್ಲ ರೂಪ ಅದಕ್ಕೆ ಮೊದಲ ದಿನದಿಂದಲೇ ಇತ್ತು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರಯತ್ನದ ಅರ್ಧ ಯಶಸ್ಸು ಈ ರೂಪದಲ್ಲಿಯೇ ಅಡಗಿತ್ತು.

ಯೋಚನೆಯನ್ನು ಹೊತ್ತು ನಡೆಯಲು ಜನ ಬೇಕಲ್ಲ, ಆ ಜನ ಅದಾಗಲೇ ಒಟ್ಟುಗೂಡಿದ್ದರು. 1979ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಡೌನ್ ಸಿಂಡ್ರೋಮ್ ಸೊಸೈಟಿ 1995ರಲ್ಲಿ ಬಡ್ಡಿ ವಾಕ್ ಎಂಬ ಸಾರ್ವಜನಿಕ ನಡಿಗೆಯನ್ನು ಆರಂಭಿಸಿತ್ತು. ಮೊದಲ ವರ್ಷ 17 ಕಡೆ ನಡೆದ ಈ ನಡಿಗೆ ಮುಂದೆ ನೂರೈವತ್ತಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಡೌನ್ ಸಿಂಡ್ರೋಮ್ ಅರಿವಿನ ತಿಂಗಳಾದ ಅಕ್ಟೋಬರಿನ ಸುತ್ತ ನಡೆಯುವ ಈ ನಡಿಗೆಗಳಲ್ಲಿ ಪ್ರತಿ ಕುಟುಂಬ ತನ್ನ ಮಗುವಿನ ಹೆಸರಿನಲ್ಲಿ ಒಂದು ತಂಡ ಕಟ್ಟುತ್ತದೆ. ಬಂಧುಗಳು, ಶಿಕ್ಷಕರು, ಸಹೋದ್ಯೋಗಿಗಳು ಆ ತಂಡದಲ್ಲಿ ಸೇರಿ ತಲಾ ಇಷ್ಟೆಂದು ಹಣ ಕೂಡಿಸುತ್ತಾರೆ. ನಡೆಯುವ ದೂರ ಒಂದು ಮೈಲಿಯ ಆಸುಪಾಸು, ಅದು ಮುಖ್ಯವೂ ಅಲ್ಲ. ಸ್ಥಳೀಯ ಸಂಘದ ವಾರ್ಷಿಕ ಕೆಲಸಕ್ಕೆ ಹಣ ಬರುತ್ತದೆ ಎಂಬುದು ಕಣ್ಣಿಗೆ ಕಾಣುವ ಫಲ. ಅದಕ್ಕಿಂತ ಬಾಳಿಕೆ ಬರುವಂಥದ್ದು ಇನ್ನೊಂದಿದೆ: ಯಾವ ಊರಿನಲ್ಲಿ ಯಾವ ಕುಟುಂಬವಿದೆ, ಅವರ ಹಿಂದೆ ಎಷ್ಟು ಜನ ನಿಲ್ಲುತ್ತಾರೆ, ಅವರೆಲ್ಲ ಯಾವ ಪ್ರತಿನಿಧಿಯ ಕ್ಷೇತ್ರದ ಮತದಾರರು ಎಂಬ ಪಟ್ಟಿ. ಹಣಕ್ಕಾಗಿ ಕಟ್ಟಿದ ತಂಡ ಒಂದು ಕ್ಷೇತ್ರದ ಮತದಾರರ ಗುಂಪೂ ಆಗಿರುತ್ತದೆ ಎಂಬುದನ್ನು ಸೊಸೈಟಿ ಬಳಸಿಕೊಂಡಿತು. ನಡಿಗೆಯ ಹೆಸರನ್ನೇ ಇಟ್ಟು ಬಡ್ಡಿ ವಾಕ್ ಆನ್ ವಾಷಿಂಗ್ಟನ್ ಎಂಬ ಸಮಾವೇಶ ನಡೆಸಿ, ಕುಟುಂಬಗಳನ್ನು ಸಂಸತ್ ಸದಸ್ಯರ ಕಚೇರಿಗಳಿಗೆ ಕರೆದೊಯ್ದಿತು.

ದಾನದ ಹಣದಿಂದ ಹೀಗೆ ಶಾಸಕರ ಮೇಲೆ ಒತ್ತಡ ತರಬಹುದೇ ಎಂಬ ಸಂಶಯ ಇಲ್ಲಿ ಏಳುವುದು ಸಹಜ. ಅಮೆರಿಕದ ತೆರಿಗೆ ಕಾನೂನಿನಲ್ಲಿ ದತ್ತಿ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ, ಆದರೆ ಮಸೂದೆಗಳ ಪರವಾಗಿ ಮಿತಿಯೊಳಗೆ ಕೆಲಸ ಮಾಡಬಹುದು. 1976ರಲ್ಲಿ ಬಂದ ಒಂದು ಐಚ್ಛಿಕ ನಿಯಮದ ಪ್ರಕಾರ ಸಂಸ್ಥೆಯ ಮೊದಲ 5 ಲಕ್ಷ ಡಾಲರ್ ವೆಚ್ಚದಲ್ಲಿ ಶೇ. 20ರಷ್ಟನ್ನು ಇದಕ್ಕೆ ಬಳಸಬಹುದು. ವೆಚ್ಚ ಹೆಚ್ಚಿದಂತೆ ಈ ಪ್ರಮಾಣ ಇಳಿಯುತ್ತದೆ. ಈ ಲೆಕ್ಕ ಖರ್ಚಾದ ಹಣಕ್ಕೆ ಮಾತ್ರ. ಸಂಬಳವಿಲ್ಲದ ಸ್ವಯಂಸೇವಕರು ತೊಡಗಿಸಿದ ಸಮಯ ಇದರಲ್ಲಿ ಬರುವುದಿಲ್ಲ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಪ್ರಯಾಣಿಸಿ, ಪ್ರತಿನಿಧಿಯ ಮುಂದೆ ಕುಳಿತು ಮಾತನಾಡುವ ತಾಯಿಯೊಬ್ಬಳ ದಿನ ಯಾವ ಮಿತಿಗೂ ಒಳಪಡುವುದಿಲ್ಲ. ಸಂಬಳದ ಲಾಬಿಗಾರರನ್ನಷ್ಟೇ ನೆಚ್ಚಿದ ಸಂಘಗಳಿಗೆ ಸಾಲದ ಶಕ್ತಿ ಈ ಕುಟುಂಬಗಳಿಗೆ ಹೇಗೆ ಒದಗಿತು ಎಂಬುದಕ್ಕೆ ಇದೂ ಒಂದು ಕಾರಣ.

ಸಂಸತ್ತಿನ ಒಳಗೆ

ಈ ಯೋಚನೆ ಏಬಲ್ ಮಸೂದೆಯಾಗಿ ಸಂಸತ್ತಿಗೆ ಬಂದಾಗ ಅದರ ಹೆಸರಿನಲ್ಲಿ ಡೌನ್ ಸಿಂಡ್ರೋಮ್ ಎಂಬ ಮಾತೇ ಇರಲಿಲ್ಲ. ಎಲ್ಲ ಬಗೆಯ ಗಂಭೀರ ಅಂಗವೈಕಲ್ಯಕ್ಕೂ ಅನ್ವಯಿಸುವಂತೆ ಬರೆದದ್ದರಿಂದ ಆಟಿಸಂ ಸ್ಪೀಕ್ಸ್, ದಿ ಆರ್ಕ್ ಮುಂತಾದ ದೊಡ್ಡ ಸಂಘಟನೆಗಳೂ ಜೊತೆಗೂಡಿದವು. ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ ಪಕ್ಷದ ಆಂಡರ್ ಕ್ರೆನ್‌ಶಾ ಮತ್ತು ಡೆಮಾಕ್ರಟಿಕ್ ಪಕ್ಷದ ಕ್ರಿಸ್ ವ್ಯಾನ್ ಹಾಲೆನ್, ಸೆನೆಟ್ಟಿನಲ್ಲಿ ಡೆಮಾಕ್ರಟ್ ಬಾಬ್ ಕೇಸಿ ಮತ್ತು ರಿಪಬ್ಲಿಕನ್ ರಿಚರ್ಡ್ ಬರ್ ಮುಂದಾಳುಗಳಾದರು. ಕ್ಯಾಥಿ ಮೆಕ್‌ಮಾರಿಸ್ ರಾಜರ್ಸ್ ಮತ್ತು ಪೀಟ್ ಸೆಷನ್ಸ್ ಎಂಬ ಪ್ರತಿನಿಧಿ ಸಭೆಯ ಸದಸ್ಯರಂತೂ ಸ್ವತಃ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಪೋಷಕರು. 2008ರಲ್ಲಿ ಸಂಸತ್ತಿನಲ್ಲಿ ಡೌನ್ ಸಿಂಡ್ರೋಮ್ ಸದಸ್ಯರ ಕೂಟ ಆರಂಭವಾದಾಗ ಅದರಲ್ಲಿಯೂ ಇದ್ದವರು. 2013ರ ಫೆಬ್ರವರಿಯಲ್ಲಿ ಮಂಡನೆಯಾದ ಮಸೂದೆಗೆ ಕೊನೆಯ ಹೊತ್ತಿಗೆ ಎರಡೂ ಸದನಗಳ ಬಹುಪಾಲು ಸದಸ್ಯರು ಸಹಿ ಹಾಕಿದ್ದರು. ಇಷ್ಟು ಬೆಂಬಲವಿದ್ದ ಮಸೂದೆ ಏಕೆ ನಿಂತಲ್ಲೇ ನಿಂತಿತ್ತು ಎಂದು ಕೇಳಿದರೆ ಉತ್ತರ ಒಂದೇ: ವೆಚ್ಚ. ತೆರಿಗೆ ವಿನಾಯಿತಿಯಿಂದ ಬೊಕ್ಕಸಕ್ಕೆ ಆಗುವ ನಷ್ಟ, ಸೌಲಭ್ಯಗಳಲ್ಲಿ ಉಳಿದುಕೊಳ್ಳುವವರಿಂದ ಆಗುವ ಖರ್ಚು, ಎರಡಕ್ಕೂ ಸರಿದೂಗುವ ಮೂಲವನ್ನು ತೋರಿಸಬೇಕಿತ್ತು. ಸಹಿ ಹಾಕಲು ಹಣ ಬೇಡ, ಅಂಗೀಕರಿಸಲು ಬೇಕು.

ಈ ನಡುವೆ ಪೆನ್ಸಿಲ್ವೇನಿಯಾದ ಸಾರಾ ವುಲ್ಫ್ ಎಂಬ ಯುವತಿ ಚೇಂಜ್.ಆರ್ಗ್ ಜಾಲತಾಣದಲ್ಲಿ ಒಂದು ಮನವಿ ಆರಂಭಿಸಿದರು. ಅವರಿಗೆ ಡೌನ್ ಸಿಂಡ್ರೋಮ್ ಇದೆ. ಕಾನೂನು ಸಂಸ್ಥೆಯೊಂದರಲ್ಲಿ ಗುಮಾಸ್ತೆಯಾಗಿ ದುಡಿಯುತ್ತಿದ್ದರು, ನ್ಯಾಷನಲ್ ಡೌನ್ ಸಿಂಡ್ರೋಮ್ ಸೊಸೈಟಿಯ ಆಡಳಿತ ಮಂಡಳಿಯಲ್ಲಿಯೂ ಇದ್ದರು. ಅವರ ಮನವಿಗೆ 2,65,000ಕ್ಕೂ ಹೆಚ್ಚು ಸಹಿಗಳು ಬಿದ್ದವು. 2014ರ ಜುಲೈ 23ರಂದು ಅವರು ಸೆನೆಟ್ ಹಣಕಾಸು ಸಮಿತಿಯ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ದುಡಿಯಬಲ್ಲ, ದುಡಿಯಲು ಬಯಸುವ ವಯಸ್ಕಳೊಬ್ಬಳು ತನ್ನ ಸಂಬಳವನ್ನು ಉಳಿಸಿಕೊಂಡರೆ ಆಧಾರ ಕಳೆದುಕೊಳ್ಳುತ್ತಾಳೆ ಎಂಬುದನ್ನು ಅಂಕಿಅಂಶಗಳಿಗಿಂತ ಸ್ಪಷ್ಟವಾಗಿ ತೋರಿಸಿದ್ದು ಆ ಸಾಕ್ಷ್ಯ. ನಿಧಿಸಂಗ್ರಹದ ಪ್ರಚಾರಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಹೆಚ್ಚಾಗಿ ಮುದ್ದು ಮಕ್ಕಳ ಚಿತ್ರಗಳಾಗಿ ಕಾಣಿಸಿಕೊಳ್ಳುತ್ತಾರೆ. ಕರುಣೆ ಹುಟ್ಟಿಸಲು ಅದು ಸಾಕಾಗಬಹುದು. ಆಸ್ತಿಯ ಹಕ್ಕಿನ ಚರ್ಚೆಗೆ ಆ ಚಿತ್ರ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಮಕ್ಕಳಿಗೆ ಸ್ವಂತ ಹಣದ ಅಗತ್ಯವೇನು ಎಂದೇ ಕೇಳುವವನಿಗೆ ಅನ್ನಿಸುತ್ತದೆ. ಇಲ್ಲಿ ಮೂವತ್ತು ದಾಟಿದ ಉದ್ಯೋಗಸ್ಥೆಯೊಬ್ಬರು ತಮ್ಮ ಪರವಾಗಿ ತಾವೇ ಮಾತನಾಡಿದರು, ಅದರಿಂದ ವಾದದ ನೆಲೆಯೇ ಬದಲಾಯಿತು.

ಬಿಟ್ಟುಕೊಟ್ಟದ್ದು

ವೆಚ್ಚದ ಗಂಟು ಬಿಡಿಸಿದ್ದು 2014ರ ಬೇಸಿಗೆಯಲ್ಲಿ, ಪ್ರತಿನಿಧಿ ಸಭೆಯ ಸಮಿತಿಯ ಹಂತದಲ್ಲಿ. ಅಂಗವೈಕಲ್ಯವು 26 ವರ್ಷ ತುಂಬುವ ಮೊದಲೇ ಉಂಟಾಗಿದ್ದವರಿಗೆ ಮಾತ್ರ ಖಾತೆ ಎಂಬ ಷರತ್ತು ಸೇರಿತು. ಹತ್ತು ವರ್ಷಗಳ ಅಂದಾಜು ವೆಚ್ಚ ಇದರಿಂದ ಸುಮಾರು 200 ಕೋಟಿ ಡಾಲರಿಗೆ ಇಳಿಯಿತು. ಡೌನ್ ಸಿಂಡ್ರೋಮ್ ಹುಟ್ಟಿನಿಂದ ಬರುವಂಥದ್ದು, ಆಟಿಸಂ ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುವಂಥದ್ದು. ಮಸೂದೆಯನ್ನು ಹೊತ್ತು ತಂದ ಸಂಘಟನೆಗಳ ಕುಟುಂಬಗಳಲ್ಲಿ ಯಾರೂ ಇದರಿಂದ ಹೊರಗುಳಿಯಲಿಲ್ಲ. ಮೂವತ್ತರಲ್ಲಿ ಬೆನ್ನುಹುರಿ ಮುರಿದುಕೊಂಡವರು, ನಲವತ್ತರಲ್ಲಿ ಪಾರ್ಶ್ವವಾಯು ತಗುಲಿದವರು, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿರುವ ಅನೇಕರು, ಯುದ್ಧದಲ್ಲಿ ಗಾಯಗೊಂಡ ಅನೇಕ ಸೈನಿಕರು ಹೊರಗುಳಿದರು.

ಈ ರಾಜಿಯನ್ನು ಹೇಗೆ ನೋಡಬೇಕು? ಅದನ್ನು ಒಪ್ಪದೆ ಹೋಗಿದ್ದರೆ ಮಸೂದೆ ಇನ್ನೊಂದು ಅಧಿವೇಶನಕ್ಕೆ ಬೀಳುತ್ತಿತ್ತು, ಮತ್ತೆ ಅಷ್ಟು ಸಹಿಗಳು ಕೂಡುತ್ತಿದ್ದವೆಂಬ ಭರವಸೆ ಇರಲಿಲ್ಲ. ಆದರೂ ಎಲ್ಲರ ಹೆಸರಿನಲ್ಲಿ ಕಟ್ಟಿದ ಒಕ್ಕೂಟ ಕೆಲವರಿಗೆ ಮಾತ್ರ ಫಲ ತಂದುಕೊಂಡಿತು ಎಂಬುದು ಸತ್ಯ, ಮತ್ತು ಅದನ್ನು ಮರೆಮಾಚಿ ಈ ಪ್ರಕರಣವನ್ನು ಬರಿಯ ವಿಜಯಗಾಥೆಯಾಗಿ ಹೇಳುವುದು ಸರಿಯಲ್ಲ. ಸಮುದಾಯದ ಹಣದಿಂದ ನಡೆಯುವ ಹಕ್ಕೊತ್ತಾಯಕ್ಕೆ ಇಂಥ ಒಳಗಿನ ಒತ್ತಡ ಯಾವಾಗಲೂ ಇರುತ್ತದೆ: ಹಣ ಕೊಟ್ಟ ಕುಟುಂಬಗಳ ಹಿತವನ್ನು ಸಂಸ್ಥೆ ಮೊದಲು ಕಾಯುತ್ತದೆ, ಉಳಿದವರದು ನಂತರ ಬರುತ್ತದೆ.

ಉಳಿದ ವೆಚ್ಚಕ್ಕೆ ಮೂಲಗಳನ್ನು ಹುಡುಕಿದ ಬಗೆ ಸ್ವಲ್ಪ ವಿಚಿತ್ರವಾಗಿಯೇ ಇದೆ. ಒಳನಾಡಿನ ಜಲಮಾರ್ಗಗಳಲ್ಲಿ ಸರಕು ಸಾಗಿಸುವ ದೋಣಿಗಳ ಇಂಧನದ ತೆರಿಗೆಯನ್ನು ಗ್ಯಾಲನ್ನಿಗೆ 20 ಸೆಂಟಿನಿಂದ 29 ಸೆಂಟಿಗೆ ಏರಿಸಿದ್ದು ಅವುಗಳಲ್ಲಿ ಒಂದು. ಅಂಗವಿಕಲರ ಉಳಿತಾಯ ಖಾತೆಗೂ ಮಿಸಿಸಿಪ್ಪಿ ನದಿಯ ಸರಕು ದೋಣಿಗೂ ಎಲ್ಲಿಯ ಸಂಬಂಧ ಎನ್ನಿಸಬಹುದು. ಬಜೆಟ್ ಲೆಕ್ಕದಲ್ಲಿ ಸಂಬಂಧ ಬೇಕಿಲ್ಲ, ಮೊತ್ತ ತಾಳೆಯಾದರೆ ಸಾಕು. 2014ರ ಡಿಸೆಂಬರ್ 3ರಂದು ಪ್ರತಿನಿಧಿ ಸಭೆ 404–17 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಐದು ದಿನಗಳ ನಂತರ, ಡಿಸೆಂಬರ್ 8ರಂದು, ಸ್ಟೀಫನ್ ಬೆಕ್ ಹಠಾತ್ತನೆ ತೀರಿಕೊಂಡರು. ಸೆನೆಟ್ 16ರಂದು ಒಪ್ಪಿಗೆ ನೀಡಿತು, 19ರಂದು ಅಧ್ಯಕ್ಷ ಬರಾಕ್ ಒಬಾಮಾ ಸಹಿ ಹಾಕಿದರು. ಕಾಯ್ದೆಗೆ ಬೆಕ್ ಅವರ ಹೆಸರನ್ನೇ ಇಡಲಾಗಿದೆ.

ಖಾತೆ ಮತ್ತು ಅದರ ಮಿತಿಗಳು

ತೆರಿಗೆ ಸಂಹಿತೆಗೆ ಸೇರಿದ 529ಎ ಕಲಮಿನ ಪ್ರಕಾರ ಒಬ್ಬರಿಗೆ ಒಂದೇ ಖಾತೆ. ಅದರ ಮಾಲೀಕರು ಅಂಗವೈಕಲ್ಯವಿರುವ ವ್ಯಕ್ತಿಯೇ. ಯಾರು ಬೇಕಾದರೂ ಅದಕ್ಕೆ ಹಣ ಹಾಕಬಹುದು, ಆದರೆ ಎಲ್ಲರದೂ ಸೇರಿ ವರ್ಷಕ್ಕೊಂದು ಮಿತಿಯಿದೆ. ಆರಂಭದಲ್ಲಿ 14,000 ಡಾಲರ್ ಇದ್ದದ್ದು 2025ರಲ್ಲಿ 19,000 ಆಯಿತು. ಖಾತೆಯಲ್ಲಿನ ಮೊದಲ 1,00,000 ಡಾಲರನ್ನು ಎಸ್‌ಎಸ್‌ಐ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಮೀರಿದರೆ ಮಾಸಿಕ ನೆರವು ತಾತ್ಕಾಲಿಕವಾಗಿ ನಿಲ್ಲುತ್ತದೆ, ಮೆಡಿಕೇಡ್ ಮುಂದುವರಿಯುತ್ತದೆ. ವಸತಿ, ಶಿಕ್ಷಣ, ಸಾರಿಗೆ, ಆರೋಗ್ಯ, ಉದ್ಯೋಗ ತರಬೇತಿ, ಸಹಾಯಕ ಸಾಧನಗಳು ಮುಂತಾದ ಖರ್ಚಿಗೆ ತೆಗೆದ ಹಣದ ಮೇಲೆ ತೆರಿಗೆಯಿಲ್ಲ.

ಕಾಯ್ದೆ ಬಂದ ಮರುದಿನವೇ ಖಾತೆ ಸಿಗಲಿಲ್ಲ. ಪ್ರತಿ ರಾಜ್ಯ ತನ್ನ ಯೋಜನೆ ರೂಪಿಸಬೇಕಿತ್ತು. 2015ರ ಕರಡು ನಿಯಮಗಳು ಪ್ರತಿ ಖರ್ಚನ್ನೂ ವರ್ಗೀಕರಿಸುವಂತೆ, ಹಣ ಹಾಕುವ ಪ್ರತಿಯೊಬ್ಬರ ತೆರಿಗೆ ಗುರುತಿನ ಸಂಖ್ಯೆಯನ್ನೂ ಸಂಗ್ರಹಿಸುವಂತೆ ಕೇಳಿದ್ದವು. ಹೀಗಾದರೆ ಆಡಳಿತದ ವೆಚ್ಚವೇ ಖಾತೆಯನ್ನು ನುಂಗುತ್ತದೆ ಎಂಬ ಆಕ್ಷೇಪಗಳು ಬಂದ ಮೇಲೆ ಅದೇ ವರ್ಷ ಇವನ್ನು ಸಡಿಲಿಸಲಾಯಿತು. ತನ್ನ ರಾಜ್ಯದಲ್ಲಿಯೇ ಖಾತೆ ತೆರೆಯಬೇಕೆಂಬ ನಿರ್ಬಂಧವನ್ನೂ 2015ರ ಡಿಸೆಂಬರಿನಲ್ಲಿ ಸಂಸತ್ತು ತೆಗೆದುಹಾಕಿತು. 2016ರ ಜೂನ್ 1ರಂದು ಓಹಾಯೋ ರಾಜ್ಯ ದೇಶದ ಮೊದಲ ಯೋಜನೆಯನ್ನು ಆರಂಭಿಸಿತು. ದುಡಿಯುವ ಖಾತೆದಾರರು ತಮ್ಮ ಸಂಬಳದಿಂದ ವಾರ್ಷಿಕ ಮಿತಿಯನ್ನು ಮೀರಿಯೂ ಒಂದಷ್ಟು ಹಾಕಬಹುದೆಂದು 2017ರ ತೆರಿಗೆ ಕಾಯ್ದೆ ಅವಕಾಶ ಕೊಟ್ಟಿತು.

ಟೀಕೆಗಳಲ್ಲಿ ತೂಕವಿರುವುದು ಎರಡು. ಉಳಿಸಲು ಹಣವಿರುವ ಕುಟುಂಬಕ್ಕೆ ಖಾತೆಯಿಂದ ಉಪಯೋಗ, ಇಲ್ಲದವರಿಗೆ ಏನೂ ಇಲ್ಲ. ಮೂಲ ಮಿತಿಯನ್ನೇ ಏರಿಸಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಆ ಮಿತಿ ಇಂದಿಗೂ ಕದಲಿಲ್ಲ, ಅದನ್ನು 10,000 ಡಾಲರಿಗೆ ಏರಿಸುವ ಮಸೂದೆ ಮತ್ತೆ ಮತ್ತೆ ಮಂಡನೆಯಾದರೂ ಅಂಗೀಕಾರವಾಗಿಲ್ಲ. ಇನ್ನೊಂದು, ಖಾತೆದಾರರು ತೀರಿಕೊಂಡಾಗ ಉಳಿದ ಹಣದಿಂದ, ಖಾತೆ ತೆರೆದ ನಂತರ ಮೆಡಿಕೇಡ್ ಮಾಡಿದ ಖರ್ಚನ್ನು ರಾಜ್ಯವು ಕೇಳಿ ಪಡೆಯಬಹುದು. ಅಜ್ಜಿ ಕೊಟ್ಟ ಹಣ ಮೊಮ್ಮಗನ ನಂತರ ಅವನ ತಂಗಿಗೆ ಸೇರುವ ಬದಲು ರಾಜ್ಯದ ಪಾಲಾದೀತು ಎಂಬ ಅಂಜಿಕೆಯಿಂದ ಹಿಂದೆ ಸರಿದ ಕುಟುಂಬಗಳಿವೆ. ಕೆಲವು ರಾಜ್ಯಗಳು ಈ ವಸೂಲಿಯನ್ನು ತಮ್ಮ ಮಟ್ಟದಲ್ಲಿ ಮೊಟಕುಗೊಳಿಸಿವೆ. ಒಟ್ಟಿನಲ್ಲಿ ಮೊದಲ ಸುತ್ತಿನಲ್ಲಿ ಅರ್ಹರೆಂದು ಅಂದಾಜಿಸಿದ ಸುಮಾರು 80 ಲಕ್ಷ ಜನರಲ್ಲಿ ಖಾತೆ ತೆರೆದವರು ಇಂದಿಗೂ ಸಣ್ಣ ಭಾಗವೇ.

ವಯಸ್ಸಿನ ಷರತ್ತಿನ ಕಥೆ 2014ಕ್ಕೆ ಮುಗಿಯಲಿಲ್ಲ. ಹೊರಗುಳಿದವರ ಸಂಘಟನೆಗಳೊಂದಿಗೆ ಡೌನ್ ಸಿಂಡ್ರೋಮ್ ಸಂಘಟನೆಗಳೂ ಸೇರಿ ಮಿತಿಯನ್ನು 46ಕ್ಕೆ ಏರಿಸುವ ಮಸೂದೆಯನ್ನು ಬೆಂಬಲಿಸಿದವು. ಅದು 2022ರ ಡಿಸೆಂಬರಿನಲ್ಲಿ ನಿವೃತ್ತಿ ಉಳಿತಾಯದ ದೊಡ್ಡ ಕಾಯ್ದೆಯೊಂದರ ಭಾಗವಾಗಿ ಅಂಗೀಕಾರವಾಗಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಇದರಿಂದ ಸುಮಾರು 60 ಲಕ್ಷ ಜನ ಹೊಸದಾಗಿ ಅರ್ಹರಾಗುತ್ತಾರೆಂಬ ಅಂದಾಜಿದೆ. ತಮಗೆ ಬೇಕಾದದ್ದು ಸಿಕ್ಕ ಮೇಲೂ ಈ ಸಂಘಟನೆಗಳು ಬಾಕಿ ಉಳಿದ ಕೆಲಸದಿಂದ ಕೈತೊಳೆದುಕೊಳ್ಳಲಿಲ್ಲ, ನಿಜ. ಹಾಗೆಂದು ಹನ್ನೊಂದು ವರ್ಷ ಕಾದವರಿಗೆ ಆ ಕಾಲ ಹಿಂದಿರುಗುವುದಿಲ್ಲ.

ನಿಧಿ ಸಂಗ್ರಹಿಸುವವರ ದೈನಂದಿನ ಕೆಲಸದಲ್ಲಿ ಈ ಕಾಯ್ದೆ ತಂದ ಬದಲಾವಣೆ ಒಂದು ಸಣ್ಣ ವಿವರದಲ್ಲಿದೆ. ಒಬ್ಬ ವ್ಯಕ್ತಿಗಾಗಿ ಕೂಡಿಸಿದ ಹಣವನ್ನು ನೇರವಾಗಿ ಅವರ ಕೈಗೆ ಕೊಟ್ಟರೆ ಎಸ್‌ಎಸ್‌ಐ ದೃಷ್ಟಿಯಲ್ಲಿ ಅದು ಆದಾಯ. ಕೊಡುವವರು ಅದನ್ನು ಏಬಲ್ ಖಾತೆಗೇ ಜಮಾ ಮಾಡಿದರೆ ಆದಾಯವಲ್ಲ. ಹೀಗಾಗಿ ಹಣ ಕೂಡಿಸುವ ಮೊದಲೇ ಖಾತೆ ತೆರೆದಿರಬೇಕು, ಆ ವರ್ಷ ಎಷ್ಟು ಹಾಕಲು ಅವಕಾಶ ಉಳಿದಿದೆ ಎಂದು ನೋಡಿಕೊಂಡಿರಬೇಕು. ಖಾತೆಯನ್ನು ಯಾರು ತೆರೆಯಬಹುದೆಂಬುದನ್ನು 2020ರ ಅಂತಿಮ ನಿಯಮಗಳು ಸ್ಪಷ್ಟಪಡಿಸಿವೆ: ಮೊದಲು ಆ ವ್ಯಕ್ತಿಯೇ, ಇಲ್ಲವೆ ಅವರು ಆರಿಸಿದವರು; ಅದು ಸಾಧ್ಯವಿಲ್ಲದಿದ್ದರೆ ಮಾತ್ರ ಅಧಿಕಾರಪತ್ರ ಪಡೆದವರು, ಕಾನೂನುಬದ್ಧ ಪಾಲಕರು, ಸಂಗಾತಿ, ತಂದೆತಾಯಿ, ಒಡಹುಟ್ಟಿದವರು ಹೀಗೆ ಸರದಿ. ಹಲವು ಮನೆಗಳಲ್ಲಿ ತಂದೆತಾಯಿಯೇ ಅಭ್ಯಾಸಬಲದಿಂದ ಅರ್ಜಿಗೆ ಸಹಿ ಹಾಕಿಬಿಡುತ್ತಾರೆ. ಸರದಿಯಲ್ಲಿ ತಾವು ಮೊದಲಿಗರಲ್ಲ, ಮಗನನ್ನೋ ಮಗಳನ್ನೋ ಮೊದಲು ಕೇಳಬೇಕು ಎಂಬುದನ್ನು ಅವರಿಗೆ ತಿಳಿಸುವ ಹೊಣೆ ಈಗ ನಡಿಗೆಗಳನ್ನು ಏರ್ಪಡಿಸುವ ಸ್ಥಳೀಯ ಸಂಘಗಳ ಮೇಲೆಯೇ ಬೀಳುತ್ತದೆ.